ನೋಡಿ ಹೇಳುವವಳು

"ಮುದುಕಪ್ಪ ಒಬ್ಬ ಬಂದ. ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕ್ಕಂಡವ್ನೆ" ಎಂದು ಗೋವಿಂದಮ್ಮ ನಡುಬಾಗಿಲಲ್ಲಿ ಕೂತು ಕೂಗಿ ಹೇಳಿದಳು. ಒಳಗೆ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ನೇಯುತ್ತಿದ್ದ ಗಂಡ ಮಾರಣ್ಣ ಹೂಂ ಎಂದ, ನಗಲಿಲ್ಲ. ಟಿವಿಯ ಮುಂದೆ ಕೂತಿದ್ದ ಮಗಳು ರಂಜಿತಾ ಹಣೆ ಚಚ್ಚಿಕೊಂಡಳು.

ಮೊಳಕಾಲ್ಮೂರಿನ ಆ ಮನೆಯಲ್ಲಿ ಇದೊಂದು ಪದ್ಧತಿ. ಟಿವಿ ಪಡಸಾಲೆಯಲ್ಲಿ, ಮಗ್ಗ ಒಳಕೋಣೆಯಲ್ಲಿ. ರೇಷ್ಮೆ ಸೀರೆ ನೇಯುವವನು ಎಳೆಯಿಂದ ಕಣ್ಣು ತೆಗೆದರೆ ಕೆಟ್ಟ. ಮಾತು ಕಿವಿಗೆ ಬೀಳುತ್ತದೆ, ಮೋರೆ ಕಾಣುವುದಿಲ್ಲ. ಅದಕ್ಕೇ ಯಾರಾದರೂ ನಡುಬಾಗಿಲಲ್ಲಿ ಕೂತು ಯಾರು ಬಂದರು, ಯಾರು ಜಾರಿಬಿದ್ದರು ಅಂತ ಹೇಳಬೇಕು. ಗುರುವಾರ ಸಂಜೆ ಬರುತ್ತಿದ್ದ 'ಹತ್ತು ಮನೆ ಒಂದು ನಲ್ಲಿ' ಎಂಬ ವಠಾರದ ನಗೆ ಧಾರಾವಾಹಿಯನ್ನು ಮಾರಣ್ಣ ನಾಲ್ಕು ವರ್ಷ ಹಾಗೇ ನೋಡಿದವನು, ಅಂದರೆ ಮೊದಲ ಹೆಂಡತಿ ನಾಗಕ್ಕನ ಬಾಯಲ್ಲಿ. ಹೇಳುತ್ತ ಹೇಳುತ್ತ ಅವಳಿಗೇ ನಗು ತಡೆಯದೆ ಅರ್ಧ ಕಥೆ ಹೊಟ್ಟೆಯಲ್ಲೇ ಉಳಿಯುತ್ತಿತ್ತಂತೆ. ಧಾರಾವಾಹಿ ಮುಗಿದ ವರ್ಷವೇ ಕಾಮಾಲೆಯಾಗಿ ನಾಗಕ್ಕ ತೀರಿಕೊಂಡಳು.

ಚಳ್ಳಕೆರೆಯಿಂದ ಗೋವಿಂದಮ್ಮ ಈ ಮನೆಗೆ ಬಂದು ಎಂಟು ತಿಂಗಳು. ನಾಗಕ್ಕನ ಮಗಳು, ಹನ್ನೊಂದು ವರ್ಷದ ರಂಜಿತಾ ಜಗಳವಾಡಲಿಲ್ಲ, ಅಳಲಿಲ್ಲ. ಅವಳೊಂದಿಗೆ ಮಾತೇ ಆಡಲಿಲ್ಲ. "ಅಪ್ಪಾ, ಸಾರಿಗೆ ಉಪ್ಪು ಸಾಲ್ದು ಅಂತ ಹೇಳು" ಎಂದು, ಎದುರಿಗೇ ಕೂತವಳಿಗೆ ಅಪ್ಪನ ಕೈಲಿ ಹೇಳಿಸುವಳು. ಪಾಪ, ಗೋವಿಂದಮ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು, ನೇರವಾಗಿ. ಅವ್ವ ಅನ್ನುವುದು ಹಾಗಿರಲಿ, ಬೈದಿದ್ದರೂ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ಇವತ್ತು ಅದೇ ಧಾರಾವಾಹಿಯ ಮುಂದಿನ ಕಥೆ ಶುರುವಾಗಿತ್ತು. ವಠಾರದ ಮಗಳು ಸುಮಿತ್ರೆ ಮದುವೆಯಾಗಿ ಬೇರೆ ಮನೆ ಹೂಡುತ್ತಾಳೆ, ಹೆಸರು 'ಸುಮಿತ್ರೆಯ ಸಂಸಾರ'. ರಂಜಿತಾ ಹತ್ತು ದಿನದಿಂದ ಅದರ ಜಪದಲ್ಲೇ ಇದ್ದಳು. ಗೋವಿಂದಮ್ಮ ಅದನ್ನು ಗಮನಿಸಿ, ರಾತ್ರಿಯ ಅಡುಗೆಯನ್ನೂ ಮಧ್ಯಾಹ್ನವೇ ಮುಗಿಸಿ, ಯಾರೂ ಕರೆಯದೆ ನಡುಬಾಗಿಲಲ್ಲಿ ಬಂದು ಕೂತಳು. ಹಳೆಯ ಕಥೆ ಒಂದು ಚೂರೂ ಗೊತ್ತಿಲ್ಲ, ತವರಲ್ಲಿ ಟಿವಿಯೇ ಇರಲಿಲ್ಲ. ಅವಳ ಧೈರ್ಯ ಮೆಚ್ಚಬೇಕು.

ಹೇಳಿದ್ದೆಲ್ಲ ತಪ್ಪು. ಸುಮಿತ್ರೆಯ ಅಣ್ಣನನ್ನು ಗಂಡ ಎಂದಳು, ಗಂಡನನ್ನು ಹಾಲಿನವನು ಎಂದಳು. ಅಷ್ಟರಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಸಡಗರ ಬಂತು. ತವರಿನವರೆಲ್ಲ ನೆರೆದಿದ್ದರು.

"ಎಲ್ರೂ ಬಂದವ್ರೆ. ಈ ಹುಡುಗಿ ಅವ್ವ ಎಲ್ಲಿ? ಅವ್ವನೇ ಕಾಣಲ್ವಲ್ಲ" ಎಂದು ಗೋವಿಂದಮ್ಮ ಕೂಗಿದಳು.

ಒಳಗೆ ಮಗ್ಗದ ಲಾಳಿಯ ಸದ್ದು ನಿಂತಿತು. ಈ ಮನೆಯಲ್ಲಿ ಯಾರ ಮುಂದೆ ಎಂಥ ಮಾತಾಡಿಬಿಟ್ಟೆ ಎಂದು ಗೋವಿಂದಮ್ಮ ನಾಲಿಗೆ ಕಚ್ಚಿಕೊಂಡಳು.

"ಹಳೇದ್ರಾಗೆ ಇದ್ಲು" ಎಂದಳು ರಂಜಿತಾ, ಟಿವಿಯಿಂದ ಕಣ್ಣು ತೆಗೆಯದೆ, ಟಿವಿಗೇ ಹೇಳುವಂತೆ. "ಇದ್ರಾಗೆ ಇಲ್ಲ. ಸತ್ತೋದ್ಲು ಅಂತಾನೂ ಹೇಳಿಲ್ಲ. ಸುಮ್ನೆ ಇಲ್ಲ."

ಗೋವಿಂದಮ್ಮ, "ನಗಿಸ್ತಿದ್ಲಾ?" ಎಂದು ಮೆಲ್ಲಗೆ ಕೇಳಿದಳು.

ರಂಜಿತಾ ಎಂದಿನಂತೆ ಅಪ್ಪನ ಕೈಲಿ ಹೇಳಿಸಲೆಂದು ಒಳಕೋಣೆಯತ್ತ ತಿರುಗಿದಳು. ಮಾರಣ್ಣ ತಲೆ ತಗ್ಗಿಸಿ, ಸರಿಯಾಗಿದ್ದ ಎಳೆಯನ್ನೇ ಮತ್ತೆ ಮತ್ತೆ ಸರಿಮಾಡುತ್ತಿದ್ದ. ಅವನು ತಲೆಯೆತ್ತಲಿಲ್ಲ. ಹುಡುಗಿ ನಡುಬಾಗಿಲಲ್ಲಿ ಕೂತವಳನ್ನು ನೋಡಿದಳು.

"ಅವ್ಳಿಂದ್ಲೇ ನಗು ಎಲ್ಲಾ. ನಲ್ಲೀಲಿ ನೀರು ಬಂತು ಅಂದ್ರೆ ಬಿಂದಿಗೆ ಬಿಟ್ಟು ಬಾಣಲೆ ಹಿಡ್ಕಂಡು ಓಡೋಳು. ನಮ್ಮವ್ವ ಅದನ್ನ ಅಪ್ಪಂಗೆ ಹೇಳಾಕೆ ಹೋಗಿ ತಾನೇ ಬಿದ್ದು ಬಿದ್ದು ನಗೋಳು. ಹಿಂದಿಂದು ಏನೂ ಗೊತ್ತಿಲ್ದೆ ನೀನು ಹೆಂಗೆ ಹೇಳ್ತೀಯಾ? ಇತ್ಲಾಗೆ ಬಾ. ಮೊದ್ಲಿಂದ ಹೇಳ್ತೀನಿ."

ಗೋವಿಂದಮ್ಮ ಸರಿದು ಅವಳ ಪಕ್ಕ ಕೂತಳು. ರಂಜಿತಾ ವಠಾರದ ಮನೆಗಳನ್ನು ಬೆರಳು ಮಡಿಸಿ ಹೇಳುತ್ತ ಹೋದಳು; ನಡುನಡುವೆ, ಇಲ್ಲಿ ನಮ್ಮವ್ವ ಹಿಂಗಂದ್ಲು, ಇಲ್ಲಿ ಸೆರಗು ಬಾಯಿಗಿಟ್ಕಂಡ್ಲು, ಎನ್ನುತ್ತಿದ್ದಳು. ಮಾರಣ್ಣ ಮಗ್ಗದಿಂದೆದ್ದು ಬಂದು ಬಾಗಿಲಿಗೆ ಒರಗಿ ನಿಂತ. 'ಸುಮಿತ್ರೆಯ ಸಂಸಾರ' ಯಾವಾಗ ಮುಗಿಯಿತೋ ಯಾರೂ ನೋಡಲಿಲ್ಲ. ಟಿವಿಯಲ್ಲಿ ವಾರ್ತೆ ಓದುತ್ತಿದ್ದರು, ರಂಜಿತಾ ಇನ್ನೂ ಹಳೆಯದರ ಮೂರನೆಯ ವಾರದ ಕಥೆಯಲ್ಲಿದ್ದಳು.