ಕಲ್ಲುಗಣಿಯವರ ದೇವಾಲಯ

ಕಲ್ಲುಗಣಿಯ ಪಕ್ಕದ ಆ ಸಣ್ಣ ಮೆಥೋಡಿಸ್ಟ್ ದೇವಾಲಯದಲ್ಲಿ ಅಂದು ಕೊನೆಯ ಆರಾಧನೆ ಎಂದು ಮೊದಲೇ ಸಾರಿದ್ದರು. ಸಭೆಗೆ ಬರುವವರು ಕರಗಿದ್ದಾರೆ, ಗೋಡೆ ಹಸಿ ಹಿಡಿದಿದೆ, ಇನ್ನು ಎಲ್ಲರೂ ಪಟ್ಟಣದ ದೊಡ್ಡ ಸಭೆಗೆ ಸೇರಿಕೊಳ್ಳಲಿ, ಕಟ್ಟಡ ಸಿಮೆಂಟ್ ಗೋದಾಮಿಗಾಗಲಿ ಎಂಬುದು ಮೇಲಿನವರ ತೀರ್ಮಾನ. ಅದನ್ನು ಮುಗಿಸಿಕೊಡಲು ಜಿಲ್ಲಾ ಮೇಲ್ವಿಚಾರಕರು ತಾವೇ ಬಂದಿದ್ದರು. ಚೀಲದಿಂದ ಬಿಳಿ ನಿಲುವಂಗಿ ತೆಗೆಯುವಾಗ ಅದರಡಿಯಲ್ಲಿ ಹೊಸ ಬೀಗವೊಂದು ಹೊಳೆಯಿತು.

ಟೈಲರಕ್ಕನ ಕಣ್ಣಿಗೆ ಅದು ಬಿತ್ತು. ಶಾಲೆ ಮಕ್ಕಳ ಅಂಗಿಯಿಂದ ಹಿಡಿದು ಗಣಿಯವರ ಪ್ಯಾಂಟಿನ ತೇಪೆಯವರೆಗೆ ಊರಿನದೆಲ್ಲ ಹೊಲಿಯುವವಳು ಅವಳೇ.

"ಅತ್ತೆ, ಬೀಗ ತಂದಿದಾರೆ," ಎಂದು ಪಕ್ಕದಲ್ಲಿ ಕೂತಿದ್ದ ಅತ್ತೆಯ ಕಿವಿಯಲ್ಲಿ ಉಸುರಿದಳು.

"ತರಲಿ ಬಿಡು. ನಾವು ಆಚೆ ಹೋದ್ರೆ ತಾನೇ ಹಾಕೋದು?" ಎಂದಳು ಮುದುಕಿ.

ಬೈಬಲಿನ ಮೇಲಿನ ಪ್ರಸಂಗ ಮುಗಿಯಿತು. ದೇವರು ತಮಗೆ ಮಾಡಿದ್ದಕ್ಕೆ ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಮೇಲ್ವಿಚಾರಕರು ಬಾಯಿಮಾತಿಗೆ ಕೇಳಿದರು. ಆ ಸಭೆಯಲ್ಲಿ ಸಾಕ್ಷಿಗೆ ಎದ್ದವರನ್ನು ನಡುವೆ ತಡೆಯುವ ಪದ್ಧತಿ ಇರಲಿಲ್ಲ. ಅತ್ತೆ ಮುಂದಿನ ಬೆಂಚು ಹಿಡಿದುಕೊಂಡು ಎದ್ದಳು.

"ಈ ಕಲ್ಲುಗಳನ್ನ ನಮ್ಮವ್ವ ತಲೆ ಮೇಲೆ ಹೊತ್ತಳು, ಅಯ್ಯನೋರೆ. ಹಗಲೆಲ್ಲ ಗಣಿ ಯಜಮಾನನಿಗೆ ಒಡೆದು, ಸಂಜೆ ದೇವರಿಗೆ ಹೊರೋದು. ಇಷ್ಟೇ ಇಷ್ಟು ಜನಕ್ಕೆ ಗುಡಿ ಯಾಕೆ ಅಂತ ಯಜಮಾನ ನಕ್ಕ. ಗೋಡೆ ಮೇಲೆ ಮಾಡು ಕೂರಿಸೋ ಹೊತ್ತಿಗೆ ಏಣಿ ಕೊಡಲ್ಲ ಅಂದ. ಒಬ್ಬರ ಹೆಗಲ ಮೇಲೊಬ್ಬರು ನಿಂತು ಕೂರಿಸಿದ್ರು. ನಾನು ಹುಟ್ಟಿದ್ದು ಅಗೋ, ಆ ಗೋಡೆ ಬುಡದಲ್ಲೇ. ಅವ್ವನಿಗೆ ಮನೆ ತಲುಪೋಕೆ ಪುರುಸೊತ್ತು ಸಿಗಲಿಲ್ಲ."

ಜನ ನಕ್ಕರು. ಅವಳು ಕೂರುವ ಮೊದಲೇ ಕಮ್ಮಾರ ಎದ್ದ. ಶ್ರುತಿಯ ಹಂಗಿಲ್ಲದೆ ಹಾಡುವ ಅವನನ್ನು ಎಲ್ಲರೂ ಗುಡುಗು ಮಾವ ಎನ್ನುತ್ತಿದ್ದರು. ಬಿರುಗಾಳಿಗೆ ಮಾಡು ಹಾರಿಹೋದ ವರ್ಷ ಛತ್ರಿ ಹಿಡಿದು ಕೀರ್ತನೆ ಹಾಡಿದ್ದನ್ನು ಹೇಳಿದ. ಬಾಯಲ್ಲಿ ಹೇಳಿದರೆ ಸಾಲದೆಂದು ಅದೇ ಕೀರ್ತನೆಯನ್ನು ಹಾಡಿಯೂ ತೋರಿಸಿದ. ಸಭೆ ದನಿಗೂಡಿಸಿತು. ಒಬ್ಬರಾದ ಮೇಲೊಬ್ಬರು ಎದ್ದರು. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು, ಬೆವರು ಒರೆಸಿಕೊಂಡರು. ಕೊನೆಗೆ ತಾಳ್ಮೆ ಕೆಟ್ಟು, "ನಿಮ್ಮ ಸಂಕಟ ನಂಗೂ ಅರ್ಥ ಆಗುತ್ತಮ್ಮಾ. ಆದ್ರೆ ಪಟ್ಟಣದ ಸಭೇಲಿ ಬೇಕಾದಷ್ಟು ಜಾಗ ಇದೆ," ಎಂದರು.

ಟೈಲರಕ್ಕ ಎದ್ದು ನಿಂತಳು.

"ಇದೆ ಅಯ್ಯನೋರೆ, ನೋಡಿ ಬಂದಿದೀನಿ. 'ಗಣಿ ಕಡೆಯವರಾ, ಹಿಂದೆ ಕೂತ್ಕೊಳಿ' ಅಂದ್ರು ಅಲ್ಲಿನವರು. ನನ್ನ ಗಂಡ ಗಣೀಲಿ ಸತ್ತಾಗ ನಮ್ಮನ್ನ ನೋಡೋಕೆ ಬಂದವರು ಇಲ್ಲಿ ಕೂತಿರೋ ಇವರೇ. ನಾವು ಏಳಲ್ಲ."

"ಹಟ ಹಿಡಿದ್ರೆ ಸಭಾಪಾಲಕರನ್ನ ಕಳಿಸೋಕಾಗಲ್ಲ."

"ಕಳಿಸಬೇಡಿ," ಎಂದಳು ಅತ್ತೆ ಕೂತಲ್ಲಿಂದಲೇ. "ಕಲ್ಲು ಹೊರೋವಾಗ ಯಾವ ಪಾದ್ರಿ ಇದ್ರು?"

ಮೇಲ್ವಿಚಾರಕರು ಆರಾಧನೆ ಮುಗಿಸಲು ಕೈಯೆತ್ತಿ ಆಶೀರ್ವಾದ ಹೇಳಿದರು. ಎಲ್ಲರೂ ಆಮೆನ್ ಎಂದರು, ಒಬ್ಬರೂ ಎದ್ದು ಹೋಗಲಿಲ್ಲ. ಗುಡುಗು ಮಾವ ಮತ್ತೊಂದು ಹಾಡು ಎತ್ತಿಕೊಂಡ. ಬಾಗಿಲಲ್ಲಿ ಬೀಗ ಹಿಡಿದು ನಿಂತ ಮೇಲ್ವಿಚಾರಕರಿಗೆ ಒಳಗೆ ಹಾಡುತ್ತಿರುವವರನ್ನು ಕೂಡಿಹಾಕುವಷ್ಟು ಕಲ್ಲೆದೆ ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ಮುಖ ಊದಿಸಿಕೊಂಡು ಕಾರು ಹತ್ತಿದರು.

ಬೀಗ ಹಾಕಲು ಮತ್ತೆ ಬರಲಿಲ್ಲ, ಆದರೆ ಹೇಳಿದ ಮಾತನ್ನು ಅವರು ನಡೆಸಿಯೂ ಬಿಟ್ಟರು. ವರ್ಷಗಟ್ಟಲೆ ಸಭಾಪಾಲಕರು ಬರಲಿಲ್ಲ. ಬೇಸತ್ತ ಕೆಲವು ಮನೆಯವರು ಪಟ್ಟಣದ ದಾರಿ ಹಿಡಿದರು. ಟೈಲರಕ್ಕನ ಸ್ವಂತ ಮೈದುನನೂ ಹೋದ. ಉಳಿದವರು ಗೋಡೆಗೆ ಸುಣ್ಣ ಬಳಿದು ಪ್ರಸಂಗಕ್ಕೆ ಅವಳನ್ನೇ ನಿಲ್ಲಿಸಿದರು. ಮೊದಲ ಸಲ ಅವಳಿಗೆ ಹೇಳಬೇಕಾದ್ದು ಮರೆತುಹೋಯಿತು. "ಮನೇಲಿ ನನ್ನ ಹತ್ರ ವಾದ ಮಾಡ್ತೀಯಲ್ಲ, ಹಂಗೇ ಹೇಳು," ಎಂದು ಅತ್ತೆ ಗದರಿದಳು. ಅಂದಿನಿಂದ ಅವಳು ಹೊಲಿಗೆ ಮೆಷಿನ್ ತುಳಿಯುತ್ತಲೇ ಪ್ರಸಂಗ ಕಟ್ಟುವುದನ್ನು ಕಲಿತಳು. ಅತ್ತೆ ತೀರಿಕೊಂಡಾಗ ಮಣ್ಣಿಗಿಡುವ ಪ್ರಾರ್ಥನೆ ಹೇಳಲು ಪಟ್ಟಣದಿಂದ ಯಾರೂ ಬರಲಿಲ್ಲ. ಟೈಲರಕ್ಕನೇ ಹೇಳಿದಳು. ಅಳು ಬಂದಾಗ ನಿಲ್ಲಿಸಿದಳು, ಮೂಗು ಒರೆಸಿಕೊಂಡು ಮುಂದುವರಿಸಿದಳು.

ಆಮೇಲೆ ಮೇಲ್ವಿಚಾರಕರು ಬದಲಾದರು. ಗೋದಾಮಿನ ಮಾತು ಅಲ್ಲಿಗೇ ಬಿದ್ದುಹೋಯಿತು. ಯಾರೂ ಕೇಳದೆಯೇ ಹೊಸಬರು ಸಭಾಪಾಲಕರೊಬ್ಬರನ್ನು ಕಳಿಸಿಕೊಟ್ಟರು. ಮೊದಲ ಭಾನುವಾರ ಅವರು ನಿಲುವಂಗಿ ತೊಟ್ಟು ಪ್ರಸಂಗಪೀಠದ ಕಡೆ ನಡೆದರೆ, ಟೈಲರಕ್ಕ ಆಗಲೇ ಅಲ್ಲಿ ನಿಂತಿದ್ದಳು.

"ಬನ್ನಿ ಅಯ್ಯನೋರೆ, ಸಂತೋಷ," ಎಂದಳು. "ಈ ವಾರ ನನ್ನದು. ಮುಂದಿನ ವಾರ ನೀವು ಹೇಳಿ, ನಾವು ಕೇಳ್ತೀವಿ."

ಅವರು ಕಕ್ಕಾಬಿಕ್ಕಿಯಾಗಿ ಸಭೆಯ ಕಡೆ ನೋಡಿದರು. ಗುಡುಗು ಮಾವ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟ.