ಕಟಿಂಗ್ ಮಾಸ್ಟರ್ ಪರೀಕ್ಷಿಸಿದ ಬ್ಲೇಡು

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ನನ್ನನ್ನು ‘ಸಂದೇಹದ ಶೆನ್ನಿಯಪ್ಪನ್’ ಎನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಹೋಟೆಲಿನಲ್ಲಿ ಇಡ್ಲಿ ಬಂದರೂ ಮುರಿದು, ಮೂಸಿ, ಆಮೇಲೆ ಬಾಯಿಗಿಡುವವನು ನಾನು. ಇಪ್ಪತ್ತೆರಡು ವರ್ಷ ಕಟಿಂಗ್ ಮಾಸ್ಟರ್ ಆಗಿರುವವನಿಗೆ ಇದು ಕಾಯಿಲೆಯಲ್ಲ, ಕಸುಬು. ನೂರು ಪದರ ಬಟ್ಟೆ ಹಾಸಿ ಒಮ್ಮೆ ಬ್ಲೇಡ್ ಓಡಿಸಿದರೆ ಮುಗಿಯಿತು. ಕತ್ತರಿಸಿದ್ದನ್ನು ಮತ್ತೆ ಕೂಡಿಸಲು ಯಾರಪ್ಪನಿಂದಲೂ ಆಗದು.

ಅಂಥವನ ಮಗಳು ತೇನ್ಮೊಳಿ ತನ್ನ ಕಣ್ಣನ್ನೇ ಕತ್ತರಿಸಿಕೊಳ್ಳಲು ಹೊರಟಳು.

ಅವಳಿಗೆ ಎರಡೂ ಕಣ್ಣು ಮೈನಸ್ ಆರು. ಕನ್ನಡಕ ತೆಗೆದರೆ ಮಾರು ದೂರದಲ್ಲಿ ನಿಂತಿರುವುದು ಅಪ್ಪನೋ ಕಂಬವೋ ತಿಳಿಯುವುದಿಲ್ಲ. ಕೆಲಸ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ. ಅಲ್ಲಿ ಆವಿ ಎದ್ದರೆ ಕನ್ನಡಕ ಮಬ್ಬಾಗುತ್ತದೆ. ಹೋದ ವರ್ಷ ಹಾಗೆ ತಡಕಾಡುತ್ತ ಕಾದ ಪೈಪಿನ ಮೇಲೆ ಅಂಗೈ ಊರಿದಳು. ಸುಟ್ಟ ಗಾಯ ಮಾಯಿತು, ಆಪರೇಷನ್ ಮಾಡಿಸಿಕೊಳ್ಳುವ ಹಟ ಮಾತ್ರ ಮಾಯಲಿಲ್ಲ.

ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಹೋದೆವು. ಡಾಕ್ಟರ್ ಹೆಪ್ಸಿಬಾ ಎಂಬಾಕೆ, ನನ್ನದೇ ವಯಸ್ಸು, ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ವಿವರಿಸಿದರು.

“ಕಣ್ಣಿನ ಮುಂದೆ ಗಾಜಿನಂಥ ಪೊರೆ, ಕಾರ್ನಿಯಾ, ಇದೆಯಲ್ಲ ಮಾಸ್ಟರ್, ಅದ್ರ ಮೇಲ್ಪದರ ತೆಳ್ಳಗೆ ಬಿಡಿಸಿ ಹಾಳೆ ಥರ ಮಗುಚ್ತೀವಿ. ಒಳಗೆ ಪವರ್ ಸರಿಮಾಡಿ ಮತ್ತೆ ಮುಚ್ಚಿಬಿಡ್ತೀವಿ. ಪವರ್ ಸರಿಮಾಡೋದು ಹೇಗಿದ್ರೂ ಲೇಸರ್ರೇ. ಮೇಲ್ಪದರ ಬಿಡಿಸೋಕೆ ಮಾತ್ರ ಎರಡು ದಾರಿ. ಒಂದು ಬ್ಲೇಡು, ಇನ್ನೊಂದು ಬೇರೆ ಥರದ ಲೇಸರ್ರು.”

“ದಪ್ಪ ಒಂದೇ ಸಮ ಬರುತ್ತಾ?” ಎಂದೆ.

ಆಕೆ ಪೆನ್ನು ಕೆಳಗಿಟ್ಟರು. “ಇದನ್ನ ಯಾರೂ ಕೇಳಿರ್ಲಿಲ್ಲ ನೋಡಿ. ಬ್ಲೇಡಲ್ಲಿ ನಡುವೆ ತೆಳು, ಅಂಚಿಗೆ ಸ್ವಲ್ಪ ದಪ್ಪ. ಲೇಸರಲ್ಲಿ ಹೆಚ್ಚುಕಡಿಮೆ ಒಂದೇ ಸಮ. ಆದ್ರೆ ಕೊನೆಗೆ ದೃಷ್ಟಿ ಎರಡರಲ್ಲೂ ಚೆನ್ನಾಗೇ ಬರುತ್ತೆ. ನಿಮ್ಮ ಮಗಳ ಪೊರೆ ಸಾಕಷ್ಟು ದಪ್ಪಗಿದೆ, ಯಾವುದಾದ್ರೂ ಸರಿ.”

ಎರಡೂ ಚೆನ್ನಾಗಿದೆ ಎನ್ನುವ ವ್ಯಾಪಾರಿಯನ್ನು ನಾನು ಇನ್ನೂ ಹೆಚ್ಚು ಅನುಮಾನಿಸುತ್ತೇನೆ. ಲೇಸರಿಗೆ ಖರ್ಚು ಹೆಚ್ಚು. ಹೊರಗೆ ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತ ಹುಡುಗಿ ಅದನ್ನೇ ಮೂರು ಸಲ ಹೊಗಳಿದ್ದಳು. ನಮ್ಮ ಕಂಪನಿಗೂ ಹೋದ ವರ್ಷ ಬಟ್ಟೆ ಕತ್ತರಿಸುವ ಲೇಸರ್ ಬಂತು. ಮಾರಲು ಬಂದವನು ಅಂಚು ಬೆಣ್ಣೆಯಂತೆ ಬರುತ್ತದೆ ಎಂದಿದ್ದ. ಬಂದದ್ದು ಕಂದುಬಣ್ಣದ ಅಂಚು, ಸುಟ್ಟ ವಾಸನೆ.

“ಲೇಸರ್ ಸುಡಲ್ವಾ ಡಾಕ್ಟ್ರಮ್ಮ?”

“ನಿಮ್ಮ ಬಟ್ಟೆ ಕತ್ತರಿಸೋ ಲೇಸರ್ ಅಲ್ಲ ಇದು. ಪೊರೆ ಒಳಗೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎಬ್ಬಿಸಿ ಪದರ ಬಿಡಿಸುತ್ತೆ.”

“ನೀವು ನೋಡಿದೀರಾ ಗುಳ್ಳೇನ?”

“ದಿನಾ ನೋಡ್ತೀನಿ.”

“ನಾನು ನೋಡಿಲ್ವಲ್ಲ. ಬ್ಲೇಡೇ ಇರ್ಲಿ. ಕೈಗೆ ಸಿಗೋ ವಸ್ತು, ಪರೀಕ್ಷೆ ಮಾಡ್ಬೋದು. ಹಳೇದು ಹಾಕಿ ಹೊಸದು ಅಂದ್ರೆ ನಾನು ಸುಮ್ನಿರೋನಲ್ಲ. ಸೀಲು ನನ್ನೆದುರೇ ಒಡೀಬೇಕು.”

“ಅಪ್ಪಾ, ಮಾನ ತೆಗೀಬೇಡ,” ಎಂದು ತೇನ್ಮೊಳಿ ನನ್ನ ಮೊಣಕೈ ಹಿಂಡಿದಳು. ಡಾಕ್ಟರು ನಕ್ಕರು. “ಒಡೀಲಿ ಬಿಡಮ್ಮ. ನಿಮ್ಮಪ್ಪ ಬಟ್ಟೆ ಬದಲಾಯಿಸ್ಕೊಂಡು ಬಾಗಿಲ ತನಕ ಬರ್ಲಿ.”

ಆಪರೇಷನ್ ದಿನ ನನಗೆ ಹಸಿರು ನಿಲುವಂಗಿ, ತಲೆಗೆ ಟೋಪಿ, ಬಾಯಿಗೆ ಬಟ್ಟೆ. ನರ್ಸಮ್ಮ ಪೊಟ್ಟಣ ತಂದು ತೋರಿಸಿದರು. ಸೀಲು ನೋಡಿದೆ, ತಾರೀಖು ನೋಡಿದೆ, ತಿರುಗಿಸಿ ಮತ್ತೆ ನೋಡಿದೆ. ಆಕೆ ಹರಿದು ಚಿಮುಟದಲ್ಲಿ ಬ್ಲೇಡ್ ಎತ್ತಿ ಹಿಡಿದರು. ಅಂಗುಲದಷ್ಟೂ ಉದ್ದವಿಲ್ಲದ ಪುಟ್ಟ ವಸ್ತು.

ಆಮೇಲೆ ನಡೆದದ್ದಕ್ಕೆ ನನ್ನ ತಲೆ ಕಾರಣವಲ್ಲ, ಕೈ ಕಾರಣ. ಹೊಸ ಬ್ಲೇಡ್ ಕಂಡರೆ ಕಟಿಂಗ್ ಮಾಸ್ಟರನ ಹೆಬ್ಬೆರಳು ತಾನಾಗಿ ಏಳುತ್ತದೆ. ಉಗುರಿನ ಮೇಲೆ ಓರೆಯಾಗಿ ಇಟ್ಟರೆ ಚೂಪಾದದ್ದು ಕಚ್ಚುತ್ತದೆ, ಮೊಂಡಾದದ್ದು ಜಾರುತ್ತದೆ. ಇಟ್ಟೆ. ಕಚ್ಚಿತು! ಉಗುರಿನಿಂದ ಕೂದಲೆಳೆಯಂಥ ಸುರುಳಿ ಎದ್ದಿತು.

“ಅಬ್ಬಾ, ಏನು ಮಾಲು!” ಎಂದೆ.

ನರ್ಸಮ್ಮ ನನ್ನನ್ನೇ ನೋಡುತ್ತ ಬ್ಲೇಡನ್ನು ಕಸದ ಡಬ್ಬಿಗೆ ಹಾಕಿದರು. “ಅಣ್ಣಾ, ನಿಮ್ಮ ಉಗುರು ಮುಟ್ಟಿದ್ದನ್ನ ನಿಮ್ಮ ಮಗಳ ಕಣ್ಣಿಗೆ ಇಡ್ಲಾ?”

ನಾಚಿಕೆಯಿಂದ ಕುಗ್ಗಿಹೋದೆ. ಹೊರಗಿನ ಕುರ್ಚಿಗೆ ಬಂದು ಕುಳಿತೆ.

ಹತ್ತು ನಿಮಿಷವಾಗಿತ್ತು. ಬಾಗಿಲು ತೆರೆದು ಡಾಕ್ಟರೇ ಬಂದರು.

“ಮಾಸ್ಟರ್, ಶುರು ಮಾಡಿಲ್ಲ. ಎರಡನೇ ಬ್ಲೇಡಿನ ಬಾಯಲ್ಲಿ ಒಂದು ಕಡೆ ಸಣ್ಣ ಮುಕ್ಕು. ಯಂತ್ರಕ್ಕೆ ಹಾಕೋ ಮುಂಚೆ ಸೂಕ್ಷ್ಮದರ್ಶಕದಲ್ಲಿ ನೋಡ್ತೀನಿ, ಸಿಕ್ತು. ಇವಳ ಅಳತೆಗೆ ಬೇರೆ ಇವತ್ತು ಇಲ್ಲ. ಮುಂದಿನ ವಾರ ಬನ್ನಿ, ಬ್ಲೇಡಲ್ಲೇ ಮಾಡ್ತೀನಿ. ಇವತ್ತೇ ಆಗ್ಬೇಕು ಅಂದ್ರೆ ಲೇಸರ್.”

ನನ್ನ ನಾಚಿಕೆಯೆಲ್ಲ ಒಂದೇ ಏಟಿಗೆ ಹಾರಿಹೋಯಿತು. ಓಹೋ, ದಾರಿ ಸುತ್ತಿ ಬಳಸಿ ಲೇಸರಿನ ಮನೆಗೇ ಬಂತಲ್ಲ! ಒಂದು ನನ್ನ ಕೈಯಿಂದ ಕೆಟ್ಟಿತು, ಇನ್ನೊಂದು ತಾನಾಗಿ ಕೆಟ್ಟಿತಂತೆ. ಅಳತೆಗೆ ಬೇರೆ ಇಲ್ಲವಂತೆ. ಯಾರ ಕಿವಿಗೆ ಹೂವು ಇಡುತ್ತಿದ್ದಾರೆ?

“ಆ ಬ್ಲೇಡು ತೋರ್ಸಿ,” ಎಂದೆ.

“ಬನ್ನಿ, ಸೂಕ್ಷ್ಮದರ್ಶಕದಲ್ಲೇ ತೋರಿಸ್ತೀನಿ.”

“ನಿಮ್ಮ ಯಂತ್ರದಲ್ಲಿ ನೀವು ತೋರ್ಸಿದ್ದೇ ಕಾಣೋದು. ಇಲ್ಲಿ ಕೊಡಿ.”

ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿ ನನ್ನ ಜೇಬು ಬಿಟ್ಟು ಇರುವುದಿಲ್ಲ. ಡಾಕ್ಟರು ಒಳಗಿಂದ ತರಿಸಿಕೊಟ್ಟ ಬ್ಲೇಡ್ ಹಿಡಿದು ಕಿಟಕಿಯ ಬಳಿ ಹೋದೆ. ಬ್ಲೇಡನ್ನು ಬೆಳಕಿಗೆ ಹಿಡಿದು, ಕನ್ನಡಿ ಕಣ್ಣಿಗೊತ್ತಿ, ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಸರಿಸಿದೆ. ಏನೂ ಇಲ್ಲ. ಸುಳ್ಳು ಸಿಕ್ಕಿಬಿತ್ತು ಎಂದು ಒಳಗೊಳಗೇ ಹಿಗ್ಗಿದೆ. ಮತ್ತೊಮ್ಮೆ ಓರೆ ಮಾಡಿದೆ. ಕೊನೆಯ ಹತ್ತಿರ ಒಂದು ಚುಕ್ಕೆ ಮಿನುಗಿತು. ನಿಜವಾದ ಚೂಪು ಮಿನುಗುವುದಿಲ್ಲ, ಮುಕ್ಕಾದ ಜಾಗ ಮಿನುಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಾಸಿವೆಯ ನೂರರಲ್ಲೊಂದು ಪಾಲೂ ಇರದ ಮುಕ್ಕು.

ಇದಕ್ಕಿಂತ ದೊಡ್ಡ ಮುಕ್ಕನ್ನು ನಾನು ಕಂಡಿದ್ದೆ. ನಾಲ್ಕು ವರ್ಷದ ಹಿಂದೆ, ಎಳೆ ಮಕ್ಕಳ ಅಂಗಿಗಳು ಮರುದಿನವೇ ಹಡಗಿಗೆ ಹೋಗಬೇಕಿತ್ತು. ನನ್ನ ಬ್ಲೇಡಿನ ಬಾಯಿ ಹೋಗಿದ್ದು ಕಂಡಿತು. ಬದಲಾಯಿಸಲು ಕಾಲು ಗಂಟೆ ಸಾಕಿತ್ತು. ಯಾರಿಗೆ ಗೊತ್ತಾಗುತ್ತದೆ ಎಂದು ಓಡಿಸಿಬಿಟ್ಟೆ. ಎಳೆ ಕಿತ್ತುಬಂದು, ಒಗೆದ ಮೇಲೆ ತೂತಾಗಿ, ಮಾಲೆಲ್ಲ ವಾಪಸು ಬಂತು. ಬ್ಲೇಡು ಹೊಸದೇ ಹಾಕಿದ್ದೆ ಎಂದು ಮುರುಗನ ಮೇಲೆ ಆಣೆ ಇಟ್ಟೆ. ಬಟ್ಟೆ ನೇಯ್ದು ಕೊಟ್ಟಿದ್ದ ಮಾರಪ್ಪನ ಮೇಲೆ ತಪ್ಪು ಹೋಯಿತು. ಅವನಿಗೆ ಆಮೇಲೆ ನಮ್ಮ ಕಂಪನಿಯ ಬಾಗಿಲು ತೆರೆಯಲೇ ಇಲ್ಲ. ಎದುರು ಸಿಕ್ಕರೆ ಈಗಲೂ ಅವನು ನನಗೆ ನಮಸ್ಕಾರ ಹೇಳುತ್ತಾನೆ. ಎಲ್ಲರನ್ನೂ ನಾನು ಇಷ್ಟು ಅನುಮಾನಿಸುವುದು ಏಕೆಂದು ಕಿಟಕಿಯ ಬಳಿ ನಿಂತಾಗ ನನಗೆ ಅರ್ಥವಾಯಿತು. ನನ್ನ ಬಗ್ಗೆ ನನಗೇ ಅಸಹ್ಯವೆನಿಸಿತು.

ಅಷ್ಟರಲ್ಲಿ ತೇನ್ಮೊಳಿ ತಲೆಗೆ ಟೋಪಿ ಹಾಕಿಕೊಂಡು, ನರ್ಸಮ್ಮನ ಕೈ ಹಿಡಿದು ಬಾಗಿಲಿಗೆ ಬಂದಿದ್ದಳು. ಕನ್ನಡಕವಿರಲಿಲ್ಲ. ಕಿಟಕಿಯ ಬೆಳಕಿಗೆ ಅಡ್ಡವಾಗಿ ನಿಂತ ನನ್ನ ಆಕಾರದ ಕಡೆಗೆ ಮುಖ ಮಾಡಿದಳು.

“ಮುಕ್ಕು ಇದೆಯಾ ಇಲ್ವಾ ಅಪ್ಪ?”

ಇಲ್ಲ ಎಂದಿದ್ದರೆ ನಂಬುತ್ತಿದ್ದಳು. ಬ್ಲೇಡಿನ ವಿಷಯದಲ್ಲಿ ನನ್ನ ಮಾತೇ ಅವಳಿಗೆ ಕೊನೆಯ ಮಾತು. ಡಾಕ್ಟರು ಹೇಳಿದ್ದೆಲ್ಲ ಸುಳ್ಳು ಎಂದು ಮನೆಗೆ ಕರೆದುಕೊಂಡು ಹೋಗಬಹುದಿತ್ತು.

“ಇದೆ,” ಎಂದೆ.

“ತುಂಬಾ ಇದೆಯಾ?”

“ಇಲ್ಲ ಕಣಮ್ಮ. ತುಂಬಾ ಸಣ್ಣದು.”

“ನೀನಾಗಿದ್ರೆ ನಿಲ್ಲಿಸ್ತಿದ್ಯಾ?”

ಡಾಕ್ಟರು ನೆಲ ನೋಡಿದರು. ನಾನು ಭೂತಗನ್ನಡಿಯನ್ನು ಜೇಬಿಗಿಟ್ಟೆ.

“ಇಲ್ಲ. ಕತ್ತರಿಸಿಬಿಡ್ತಿದ್ದೆ. ಮುಂಚೆ ಒಂದ್ಸಲ ಕತ್ತರಿಸಿದೀನಿ. ತಪ್ಪನ್ನ ಮಾರಪ್ಪನ ತಲೆಗೆ ಕಟ್ಟಿದೆ.”

ಮಾರಪ್ಪನನ್ನು ಅವಳು ಚಿಕ್ಕಂದಿನಿಂದ ಮಾವ ಎಂದೇ ಕರೆಯುತ್ತಿದ್ದಳು. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

“ಮೇಡಮ್, ಲೇಸರ್ರೇ ಮಾಡಿ, ಇವತ್ತೇ. ಯಾವುದರಲ್ಲಿ ಕತ್ತರಿಸ್ತಾರೆ ಅಂತ ನನಗೆ ಭಯ ಇರ್ಲಿಲ್ಲ. ಕತ್ತರಿಸಬಾರದಾಗ ನಿಲ್ಲಿಸೋರು ಬೇಕಿತ್ತು, ಅಷ್ಟೆ.”

ಡಾಕ್ಟರ ಹಿಂದೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಒಳಗಿಂದ ಸದ್ದೂ ಬರಲಿಲ್ಲ.

ನಾನು ಮಾತಾಡುವಾಗ ನನ್ನ ಮುಖ ಹೇಗಿತ್ತೋ, ಕನ್ನಡಕವಿಲ್ಲದ ಅವಳಿಗೆ ಕಂಡಿರಲಾರದು ಎಂದು ಸಮಾಧಾನ ಮಾಡಿಕೊಂಡೆ. ನಾಳೆ ಬೆಳಿಗ್ಗೆ ಕಣ್ಣಿನ ಮೇಲೆ ಹಾಕುವ ಮುಚ್ಚಳ ತೆಗೆಯುತ್ತಾರೆ. ಆಮೇಲೆ ಅವಳಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ.