ಅತ್ತಿಗೆ ಕೂತರೆ ಸೊರಗುವ ಯಂತ್ರ

ನನಗೂ ಅತ್ತಿಗೆಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಣ್ಣನ ಹೆಂಡತಿಯಾದ ಅವಳು ಐದಡಿಗೆ ಎರಡಂಗುಲ ಕಡಿಮೆ, ಮಾತು ಮಾತ್ರ ಆರಡಿ. ನಾನು ಎತ್ತರದವಳು, ಮೂಗಿನ ತುದಿಯಲ್ಲೇ ಕೋಪ. ಆದರೆ ಇಬ್ಬರಿಗೂ ಕೆಲಸ ಒಂದೇ ಕಡೆ, ಮಣ್ಣು ಅಗೆಯುವ ಹಳೆಯ ಎಕ್ಸ್‌ಕವೇಟರ್‌ಗಳನ್ನು ಕೊಂಡು ದುರಸ್ತಿ ಮಾಡಿ ಮಾರುವ ಯಾರ್ಡಿನಲ್ಲಿ. ಅವಳು ಯಂತ್ರ ಓಡಿಸಿ ಗಿರಾಕಿಗಳಿಗೆ ತೋರಿಸುತ್ತಾಳೆ. ನಾನು ವೈರು, ಸೆನ್ಸರು ನೋಡುವವಳು.

ಮೂರು ವಾರದ ಹಿಂದೆ ಬಂದ ಒಂದು ಯಂತ್ರ ಅವಳ ಕೆಲಸಕ್ಕೇ ಕುತ್ತು ತಂದಿತು. ಅವಳು ಕೂತು ನಾಲ್ಕು ಬಕೆಟ್ ಮಣ್ಣು ಎತ್ತುವಷ್ಟರಲ್ಲಿ ಅದರ ತೋಳು ಸೋಮಾರಿಯಾಗುತ್ತಿತ್ತು. ಪರದೆಯ ಮೇಲೆ ಕೆಂಪು ದೀಪ. ಪಂಪಿನೊಳಗಿನ ಎಣ್ಣೆಯ ಒತ್ತಡ ಅಳೆಯುವ ಸೆನ್ಸರಿನಿಂದ ಸುದ್ದಿಯೇ ಇಲ್ಲ ಎಂದು ಅದರ ಅರ್ಥ. ಎಂಜಿನ್ ಓಡುವಾಗ ಒಂದು ನಿಮಿಷ ಸುದ್ದಿ ಬಾರದಿದ್ದರೆ ಯಂತ್ರದ ಕಂಪ್ಯೂಟರು ಹೆದರಿಕೊಂಡು, ಆ ದೀಪ ಹಚ್ಚಿ, ಪಂಪಿನ ಶಕ್ತಿಯನ್ನು ಅರ್ಧಕ್ಕಿಳಿಸುತ್ತದೆ. ಅದೇ ಯಂತ್ರಕ್ಕೆ ನಮ್ಮ ಹಿರಿಯ ಮೆಕ್ಯಾನಿಕ್ ಹತ್ತಿದರೆ ಏನೂ ಆಗುತ್ತಿರಲಿಲ್ಲ. ಅವನನ್ನು ಎಲ್ಲರೂ ಏಣಿ ಎನ್ನುತ್ತಾರೆ. ತಲೆ ಬಗ್ಗಿಸದೆ ಅವನು ಯಾವ ಬಾಗಿಲನ್ನೂ ದಾಟಿದ್ದಿಲ್ಲ.

"ಯಂತ್ರ ಚೆನ್ನಾಗೇ ಇದೆ, ಇವಳ ಕೈ ಒರಟು. ಲಿವರ್ ಹಿಡಿದು ಹಾಗೆ ಜಗ್ಗಾಡಿದ್ರೆ ಯಾವ ಸೆನ್ಸರ್ ತಡ್ಕೊಳ್ಳುತ್ತೆ?" ಎಂದ ಏಣಿ.

ಯಾರ್ಡಿನ ಯಜಮಾನರು ತಲೆಯಾಡಿಸಿ, "ಹೌದು, ಇವಳ ಕೈಯೇ ಸರಿಯಿಲ್ಲ," ಎಂದು ಎಲ್ಲರ ಮುಂದೆಯೇ ಹೇಳಿದರು. ಶುಕ್ರವಾರದೊಳಗೆ ಬೇರೆ ಕಾರಣ ಸಿಗದಿದ್ದರೆ ಅತ್ತಿಗೆ ಸೀಟು ಬಿಡಬೇಕು, ಸೋಮವಾರದಿಂದ ನೀರಿನ ಪೈಪು ಹಿಡಿದು ಯಂತ್ರ ತೊಳೆಯಬೇಕು ಎಂದು ತೀರ್ಮಾನವಾಯಿತು. ಹನ್ನೊಂದು ವರ್ಷ ಲಿವರ್ ಹಿಡಿದವಳು ಅವಳು.

ಅತ್ತಿಗೆ ನೇರ ನನ್ನ ಕೆಲಸದ ಮೇಜಿನ ಹತ್ತಿರ ಬಂದಳು.

"ನೀನು ನೋಡು. ನಾನು ಕೂತಿರುವಾಗಲೇ ನೋಡು."

"ನಾನು ಪರೀಕ್ಷೆ ಮಾಡೋದು ಯಂತ್ರಾನ, ಓಡಿಸೋರನ್ನಲ್ಲ," ಎಂದೆ.

ಸುಳ್ಳೇಕೆ ಹೇಳಲಿ, ಏಣಿಯ ಮಾತೇ ನಿಜವೆಂದು ನನಗೂ ಒಳಗೊಳಗೇ ಅನ್ನಿಸಿತ್ತು. ಅತ್ತಿಗೆ ಮನೆಯಲ್ಲಿ ಪಾತ್ರೆ ಜೋಡಿಸುವ ಸದ್ದು ಕೇಳಿದವರಿಗೆ ಹಾಗನ್ನಿಸುವುದು ಸಹಜ.

ಬುಧವಾರ ಸೆನ್ಸರಿನಿಂದ ಶುರು ಮಾಡಿದೆ. ಆ ಯಂತ್ರಕ್ಕೆ ಪಂಪು ಎರಡು, ಒಂದೊಂದಕ್ಕೂ ಒಂದೊಂದು ಸೆನ್ಸರು, ಎರಡೂ ಅವಳಿಜವಳಿ. ಅದಲುಬದಲು ಮಾಡಿ ಹಾಕಿ ನನ್ನ ಮೇಜಿಗೆ ಬಂದುಬಿಟ್ಟೆ. ಸೆನ್ಸರೇ ಕೆಟ್ಟಿದ್ದರೆ ದೂರು ಎರಡನೇ ಪಂಪಿಗೆ ದಾಟಬೇಕಿತ್ತು. ಮಧ್ಯಾಹ್ನ ಅತ್ತಿಗೆ ಓಡಿಸಿದಾಗ ದೂರು ಮತ್ತೆ ಮೊದಲನೆಯದರ ಮೇಲೇ ಬಂತು. ಅಲ್ಲಿಗೆ ಸೆನ್ಸರು ನಿರಪರಾಧಿ. ಗುರುವಾರ ವೈರಿನ ಬೆನ್ನು ಹತ್ತಿದೆ. ಪಂಪಿನಿಂದ ಹಿಡಿದು ಸೀಟಿನ ಹಿಂದಿರುವ ಕಂಪ್ಯೂಟರಿನವರೆಗೆ ಎಳೆದು, ಅಲ್ಲಾಡಿಸಿ, ಅಳೆದು ನೋಡಿದೆ. ಆಮೇಲೆ ನಾನೇ ಸೀಟಿನಲ್ಲಿ ಕೂತು ಮಣ್ಣೂ ಎತ್ತಿದೆ. ಮೀಟರಿನಲ್ಲಿ ಬರಬೇಕಾದ ಅಂಕಿಗಳೇ ಬಂದವು. ಶುಕ್ರವಾರ ಬೆಳಗ್ಗೆಯ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿದಿತ್ತು.

ಕೀಲಿ ತಿರುಗಿಸಿ, ಎಂಜಿನ್ ಶುರು ಮಾಡದೆ, ಮೀಟರಿನ ವೈರು ಸಿಕ್ಕಿಸಿ ಕ್ಯಾಬಿನ್ ಬಾಗಿಲಲ್ಲಿ ನಿಂತಿದ್ದೆ. ಒತ್ತಡ ಇಲ್ಲದಾಗ ಆ ಸೆನ್ಸರು ಅರ್ಧ ವೋಲ್ಟ್ ತೋರಿಸುತ್ತದೆ. ಅಷ್ಟೇ ತೋರಿಸುತ್ತಿತ್ತು, ಎಂದರೆ ಸುದ್ದಿ ಸರಿಯಾಗಿ ಬರುತ್ತಿತ್ತು. ಅತ್ತಿಗೆ ಬಂದು ನನ್ನನ್ನು ಮೊಣಕೈಯಿಂದ ಸರಿಸಿದಳು.

"ಜರುಗು. ಇದನ್ನ ಆ ಕಡೆ ಶೆಡ್ಡಿಗೆ ಸರಿಸು ಅಂದಿದ್ದಾರೆ ಯಜಮಾನರು. ತೊಳೆಯೋಳಾದ್ರೂ ಇವತ್ತಿನ ಮಟ್ಟಿಗೆ ಓಡಿಸಬಹುದಂತೆ."

ಕೂತವಳೇ ಸೀಟಿನ ಕೆಳಗೆ ಕೈಹಾಕಿ ಹಿಡಿ ಎಳೆದು, ಸೀಟನ್ನು ಸರ್ರನೆ ಮುಂದಿನ ತುದಿಗೆ ಜಾರಿಸಿದಳು. ಅವಳ ಕಾಲು ಪೆಡಲಿಗೆ ಎಟುಕುವುದು ಹಾಗೆ ಮಾಡಿದಾಗ ಮಾತ್ರ. ಮೀಟರಿನ ಅಂಕಿ ಒಮ್ಮೆ ನಡುಗಿ ಸೊನ್ನೆಗೆ ಬಿತ್ತು.

"ಅಲ್ಲಾಡಬೇಡ," ಎಂದೆ. "ಸೀಟು ಹಿಂದಕ್ಕೆ ತಗೊ."

ಅರ್ಧ ವೋಲ್ಟ್.

"ಈಗ ಮುಂದಕ್ಕೆ."

ಸೊನ್ನೆ. ಏಳು ಸಲ ಹಿಂದೆ ಮುಂದೆ ಮಾಡಿಸಿದೆ.

"ನನ್ನೇನು ತೊಟ್ಟಿಲಲ್ಲಿ ಹಾಕಿ ತೂಗ್ತಿದೀಯಾ?" ಎಂದಳು ಅತ್ತಿಗೆ. ಆದರೆ ಅವಳ ಕಣ್ಣೂ ಮೀಟರಿನ ಮೇಲೇ ಇತ್ತು.

ಮ್ಯಾಟು ಎತ್ತಿ ಟಾರ್ಚು ಬಿಟ್ಟೆ. ಆ ಸೀಟು ಆ ಯಂತ್ರದ್ದೇ ಅಲ್ಲ. ಹಿಂದಿನವರು ಯಾರೋ ಬೇರೆ ಯಂತ್ರದ ಸೀಟು ತಂದು ಕೂರಿಸಿದ್ದರು, ಒಂದು ಬೋಲ್ಟು ಬೆರಳಿನಗಲ ಹೆಚ್ಚು ಉದ್ದ. ಸೀಟು ಪೂರ್ತಿ ಮುಂದೆ ಬಂದಾಗ ಮಾತ್ರ ಅದರ ತುದಿ ಸೆನ್ಸರಿನ ವೈರನ್ನು ಕುಕ್ಕಿ, ಸುದ್ದಿಯ ಕತ್ತನ್ನು ಅಲ್ಲೇ ಹಿಸುಕುತ್ತಿತ್ತು. ನನ್ನ ಕಾಲು ಉದ್ದ, ಏಣಿಯದಂತೂ ಕೇಳುವುದೇ ಬೇಡ. ನಾವಿಬ್ಬರೂ ಸೀಟನ್ನು ಹಿಂದಕ್ಕೆ ತಳ್ಳಿಯೇ ಕೂತವರು. ನಾನು ಕೂತಿರುವಾಗಲೇ ನೋಡು ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ನನ್ನ ಹಠದ ಮೇಲೆ ನನಗೇ ಹೇಸಿಗೆಯಾಯಿತು.

ಬೋಲ್ಟನ್ನು ಮುಟ್ಟಲಿಲ್ಲ. ಯಜಮಾನರನ್ನು, ಏಣಿಯನ್ನು, ವೆಲ್ಡರನ್ನು, ಯಾರ್ಡಿನಲ್ಲಿದ್ದ ಎಲ್ಲರನ್ನೂ ಕರೆದೆ. ಸೀಟು ಮುಂದಿನ ತುದಿಯಲ್ಲೇ ಇತ್ತು. ಏಣಿಯನ್ನು ಹತ್ತಿಸಿದೆ. ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿ ಕೂತ.

"ನಿಧಾನಕ್ಕೆ ಓಡಿಸಿ ಅಣ್ಣಾ," ಎಂದೆ. "ನಿಮ್ಮದು ಹೂವಿನಂಥ ಕೈಯಲ್ವಾ?"

ಮೂರನೇ ಬಕೆಟ್ಟಿಗೆ ಕೆಂಪು ದೀಪ ಹತ್ತಿತು. ತೋಳು ಸುಸ್ತಾದ ಎಮ್ಮೆಯ ಹಾಗೆ ಏಳಲೊಲ್ಲದೆ ಎದ್ದಿತು. ಮೊದಲು ನಕ್ಕವನು ವೆಲ್ಡರ್, ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ಏಣಿ ಒಂದೊಂದೇ ಕಾಲನ್ನು ಬಿಡಿಸಿಕೊಂಡು ಇಳಿದು, "ನನ್ನ ಕೈಗೂ ಅಂಟಿತಲ್ಲ ಈ ರೋಗ," ಎಂದ. ಮುಖ ಕೆಂಪಾಗಿದ್ದರೂ ಮಾತು ಪ್ರಾಮಾಣಿಕವಾಗಿತ್ತು.

ಬೋಲ್ಟು ಕತ್ತರಿಸಿದೆ. ಗಾಯಗೊಂಡ ವೈರನ್ನು ಕಿತ್ತು ಹೊಸದು ಹಾಕಿ, ಪಕ್ಕದ ದಾರಿಯಲ್ಲಿ ಬಿಗಿದು ಕಟ್ಟಿದೆ. ಅತ್ತಿಗೆ ಹತ್ತಿ ಸೀಟನ್ನು ಮುಂದಕ್ಕೆ ಜಾರಿಸಿದಳು. ಅರ್ಧ ವೋಲ್ಟು ಕದಲಲಿಲ್ಲ.

"ಸರಿ ಹಾಗಾದ್ರೆ, ಸೋಮವಾರ ಎಂದಿನ ಹಾಗೆ ಬಾ," ಎಂದು ಯಜಮಾನರು ಹೊರಟರು.

"ಬರ್ತೀನಿ. ನನ್ನ ಕೈ ಕೆಟ್ಟದ್ದು ಅಂತ ಇವರೆಲ್ಲರ ಮುಂದೆ ಹೇಳಿದ್ರಿ. ಅಲ್ಲ ಅಂತಾನೂ ಇವರ ಮುಂದೇನೇ ಹೇಳಿ," ಎಂದಳು ಅತ್ತಿಗೆ, ಸೀಟಿನಿಂದ ಇಳಿಯದೆ.

ಯಜಮಾನರು ತಿರುಗಿ ಬಂದರು, ಟೋಪಿ ತೆಗೆದರು.

"ನಿನ್ನ ಕೈಯಲ್ಲಿ ದೋಷ ಇರ್ಲಿಲ್ಲ. ನಾನು ತಪ್ಪು ಮಾತಾಡಿದೆ," ಎಂದರು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಅತ್ತಿಗೆ ಎಂಜಿನ್ ಶುರು ಮಾಡಿದಳು. ಸುಮ್ಮನಿರಲಾಗದೆ ಕ್ಯಾಬಿನ್ನಿನ ಹತ್ತಿರ ಹೋಗಿ, ಆ ಸದ್ದಿನ ಮೇಲೆ ಕೂಗಿ ಹೇಳಿದೆ:

"ಅತ್ತಿಗೆ, ನಿನ್ನ ಕೈಯೇ ಒರಟು ಅಂತ ನಾನೂ ಅಂದ್ಕೊಂಡಿದ್ದೆ."

"ಗೊತ್ತು," ಎಂದಳು. "ದೂರ ನಿಲ್ಲು, ತಿರುಗಿಸ್ತೀನಿ."